ಬಾನಿನಿಂದ ಮಳೆಕಾಡಿನ ಕಾವಲು: ಉಪಗ್ರಹ ದೂರಸಂವೇದನೆ ಮತ್ತು ಅಮೆಜಾನಿನ ಅನುಭವ

ಬ್ರೆಜಿಲ್ ದೇಶವು ಆಡಳಿತದ ದೃಷ್ಟಿಯಿಂದ ‘ಕಾನೂನುಬದ್ಧ ಅಮೆಜಾನ್’ ಎಂದು ಗುರುತಿಸಿರುವ ಪ್ರದೇಶದ ವಿಸ್ತೀರ್ಣ ಸುಮಾರು 50 ಲಕ್ಷ ಚದರ ಕಿಲೋಮೀಟರ್. ಒಂಬತ್ತು ರಾಜ್ಯಗಳಿಗೆ ಹರಡಿರುವ ಈ ಭೂಭಾಗವು ಇಡೀ ಭಾರತದ ಸುಮಾರು ಒಂದೂವರೆ ಪಟ್ಟು ದೊಡ್ಡದು. ಇದರಲ್ಲಿ ಬಹುಭಾಗಕ್ಕೆ ರಸ್ತೆಯಿಲ್ಲ; ನದಿಯೇ ದಾರಿ. ಇಂತಹ ಕಾಡಿನ ಯಾವುದೋ ಮೂಲೆಯಲ್ಲಿ ನಾಲ್ಕಾರು ಯಂತ್ರಗರಗಸಗಳು ಕೆಲಸಕ್ಕಿಳಿದರೆ ಅದನ್ನು ಅರಣ್ಯ ರಕ್ಷಕರು ಕಾಲ್ನಡಿಗೆಯಲ್ಲಿ ತಿರುಗಾಡಿ ಪತ್ತೆಹಚ್ಚುವುದು ಅಸಾಧ್ಯ.

ಈ ಅಸಾಧ್ಯವನ್ನು ಸಾಧ್ಯವಾಗಿಸಿದ್ದು ಉಪಗ್ರಹ ದೂರಸಂವೇದನೆ. 1988ರಿಂದ ಪ್ರತಿ ವರ್ಷ ಬ್ರೆಜಿಲ್ ತಾನು ಕಳೆದುಕೊಂಡ ಕಾಡಿನ ಲೆಕ್ಕವನ್ನು ಬಾನಿನಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಪ್ರಕಟಿಸುತ್ತ ಬಂದಿದೆ. ಉಷ್ಣವಲಯದ ಬೇರಾವ ದೇಶವೂ ಇಷ್ಟು ದೀರ್ಘ ಕಾಲ, ಒಂದೇ ವಿಧಾನದಲ್ಲಿ, ಸಾರ್ವಜನಿಕವಾಗಿ ಇಂತಹ ಲೆಕ್ಕವನ್ನು ಇಟ್ಟಿಲ್ಲ. ಆ ಲೆಕ್ಕ ಕಾಡನ್ನು ಉಳಿಸಿದ ವರ್ಷಗಳೂ ಇವೆ. ಲೆಕ್ಕವಿದ್ದೂ ಕಾಡು ಉಳಿಯದ ವರ್ಷಗಳೂ ಇವೆ. ಪಶ್ಚಿಮಘಟ್ಟದ ಮಡಿಲಿನಲ್ಲಿರುವ ಕರ್ನಾಟಕಕ್ಕೂ ಈ ಅನುಭವ ಪ್ರಸ್ತುತವಾಗಿದೆ.

ಉಪಗ್ರಹ ಕಾಡನ್ನು ಗುರುತಿಸುವ ಬಗೆ

ವಸ್ತುವನ್ನು ಮುಟ್ಟದೆ, ಅದು ಹೊರಸೂಸುವ ಅಥವಾ ಪ್ರತಿಫಲಿಸುವ ಕಿರಣಗಳಿಂದಲೇ ಅದರ ಗುಣಲಕ್ಷಣವನ್ನು ತಿಳಿಯುವ ವಿಧಾನಕ್ಕೆ ದೂರಸಂವೇದನೆ ಎಂದು ಹೆಸರು. ಹಸಿರೆಲೆಯಲ್ಲಿರುವ ಪತ್ರಹರಿತ್ತು ಸೂರ್ಯನ ಬೆಳಕಿನಲ್ಲಿರುವ ಕೆಂಪು ಕಿರಣಗಳನ್ನು ಆಹಾರ ತಯಾರಿಕೆಗಾಗಿ ಹೀರಿಕೊಳ್ಳುತ್ತದೆ. ಆದರೆ ಎಲೆಯ ಒಳರಚನೆಯು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹಿಂದಕ್ಕೆ ಎಸೆಯುತ್ತದೆ. ಹೀಗಾಗಿ ದಟ್ಟ ಕಾಡು ಉಪಗ್ರಹದ ಸಂವೇದಕಕ್ಕೆ ಕೆಂಪಿನಲ್ಲಿ ಕಪ್ಪಾಗಿಯೂ ಅವಕೆಂಪಿನಲ್ಲಿ ಪ್ರಖರವಾಗಿಯೂ ಕಾಣುತ್ತದೆ. ಬರಿಯ ಮಣ್ಣಿನಲ್ಲಿ ಈ ಎರಡರ ನಡುವಿನ ಅಂತರ ಬಹಳ ಕಡಿಮೆ. ಎರಡು ಅಳತೆಗಳ ಅನುಪಾತದಿಂದಲೇ ಸಸ್ಯಸೂಚ್ಯಂಕವನ್ನು ಲೆಕ್ಕ ಹಾಕಲಾಗುತ್ತದೆ.

ಉಪಗ್ರಹದ ಚಿತ್ರವು ಚಿಕ್ಕ ಚಿಕ್ಕ ಚೌಕಗಳ ಜೋಡಣೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಈಚಿನ ಉಪಗ್ರಹಗಳಲ್ಲಿ ಒಂದು ಚೌಕವು ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗಕ್ಕೆ ಸಮ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂಬತ್ತು ಗುಂಟೆ. ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾದಲ್ಲಿ ಈ ಚೌಕ 23.5 ಮೀಟರಿನದು, ಅಂದರೆ ಐದೂವರೆ ಗುಂಟೆ. ಅಮೆರಿಕದ ಟೆರ್ರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಸಂವೇದಕದ ಅತಿ ಸೂಕ್ಷ್ಮ ಚೌಕವೂ 250 ಮೀಟರಿನದು; ಅದು ಹದಿನೈದು ಎಕರೆಗಿಂತ ದೊಡ್ಡದು.

ಚೌಕ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ. ಆದರೆ ಆಗ ಉಪಗ್ರಹವು ಒಮ್ಮೆಗೆ ನೋಡುವ ಪಟ್ಟಿ ಕಿರಿದಾಗುತ್ತದೆ, ಅದೇ ಜಾಗಕ್ಕೆ ಮರಳಿ ಬರಲು ಹೆಚ್ಚು ದಿನ ಹಿಡಿಯುತ್ತದೆ. ಒಂದು ಲ್ಯಾಂಡ್‌ಸ್ಯಾಟ್ ಅದೇ ಸ್ಥಳವನ್ನು ನೋಡುವುದು 16 ದಿನಕ್ಕೊಮ್ಮೆ. ಮೋಡಿಸ್ ಹೆಚ್ಚುಕಡಿಮೆ ಪ್ರತಿದಿನ. ಸೂಕ್ಷ್ಮವಾಗಿ ಆದರೆ ಅಪರೂಪಕ್ಕೆ ನೋಡಬೇಕೋ, ಒರಟಾಗಿ ಆದರೆ ದಿನವೂ ನೋಡಬೇಕೋ ಎಂಬ ಈ ಆಯ್ಕೆಯೇ ಬ್ರೆಜಿಲ್ ರೂಪಿಸಿದ ಎರಡು ವ್ಯವಸ್ಥೆಗಳ ಮೂಲದಲ್ಲಿದೆ.

ಮೀನಿನ ಮುಳ್ಳಿನಂತೆ ಹರಡಿದ ರಸ್ತೆಗಳು

ಭೂಸಂಪತ್ತನ್ನು ಅರಿಯುವ ಉದ್ದೇಶದಿಂದಲೇ ನಿರ್ಮಿಸಿದ ಮೊದಲ ಉಪಗ್ರಹವಾದ ಲ್ಯಾಂಡ್‌ಸ್ಯಾಟ್-1 ಬಾನಿಗೇರಿದ್ದು 1972ರ ಜುಲೈ 23ರಂದು. ಮರುವರ್ಷವೇ ಬ್ರೆಜಿಲ್ ತನ್ನ ಮಧ್ಯಭಾಗದ ಕುಯಾಬಾ ನಗರದಲ್ಲಿ ಅದರ ಸಂಕೇತಗಳನ್ನು ನೇರವಾಗಿ ಸ್ವೀಕರಿಸುವ ಕೇಂದ್ರವನ್ನು ಆರಂಭಿಸಿತು. ಅಮೆರಿಕ ಮತ್ತು ಕೆನಡಾಗಳ ನಂತರ ಇಂತಹ ಕೇಂದ್ರ ಹೊಂದಿದ ಮೂರನೆಯ ರಾಷ್ಟ್ರ ಅದು. ಸಾವೊ ಪಾವ್ಲೊ ರಾಜ್ಯದ ಸಾವೊ ಜೋಸೆ ಡಾಸ್ ಕ್ಯಾಂಪೋಸ್ ಪಟ್ಟಣದಲ್ಲಿರುವ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇನ್ಪೆ’ ಈ ಕಾರ್ಯದ ಹೊಣೆ ಹೊತ್ತಿತು.

ಅದೇ ಕಾಲದಲ್ಲಿ ಅಂದಿನ ಸೈನಿಕ ಸರ್ಕಾರವು ಅಮೆಜಾನಿನ ಒಳಗೆ ಹೆದ್ದಾರಿಗಳನ್ನು ನುಗ್ಗಿಸಿ, ದಕ್ಷಿಣದ ಭೂಹೀನರನ್ನು ಅಲ್ಲಿ ನೆಲೆಗೊಳಿಸುವ ಯೋಜನೆಯನ್ನು ಕೈಗೊಂಡಿತ್ತು. ರೊಂಡೋನಿಯಾ ರಾಜ್ಯವನ್ನು ಹಾದುಹೋಗುವ ಬಿಆರ್-364 ಹೆದ್ದಾರಿಗೆ 1980ರ ದಶಕದ ಮೊದಲ ಭಾಗದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡಾಂಬರು ಬಿತ್ತು. ಹೆದ್ದಾರಿಯಿಂದ ಸಮಾನ ಅಂತರದಲ್ಲಿ ಅಡ್ಡರಸ್ತೆಗಳು ಹೊರಟವು. ಪ್ರತಿ ಅಡ್ಡರಸ್ತೆಯ ಎರಡೂ ಬದಿಗೆ ಕಾಡು ಕಡಿದು ಹುಲ್ಲುಗಾವಲು ಮಾಡಲಾಯಿತು. ಬಾನಿನಿಂದ ನೋಡಿದಾಗ ಇದು ಮೀನಿನ ಬೆನ್ನುಮೂಳೆಯಂತೆ ಕಾಣುತ್ತಿತ್ತು. ಈ ವಿನ್ಯಾಸವು ಇಂದಿಗೂ ಜಗತ್ತಿನೆಲ್ಲೆಡೆ ದೂರಸಂವೇದನೆಯ ಪಠ್ಯಗಳಲ್ಲಿ ಅರಣ್ಯನಾಶದ ಗುರುತಾಗಿ ಉಳಿದಿದೆ.

ರಬ್ಬರ್ ಹಾಲು ಇಳಿಸುವ ಕಾರ್ಮಿಕರ ನಾಯಕ ಚಿಕೊ ಮೆಂಡೆಸ್ ತನ್ನ ಊರಾದ ಶಪುರಿಯಲ್ಲಿ 1988ರ ಡಿಸೆಂಬರ್ 22ರಂದು ಜಾನುವಾರು ಸಾಕಣೆಯ ಭೂಮಾಲೀಕರ ಗುಂಡಿಗೆ ಬಲಿಯಾದಾಗ ಅಮೆಜಾನಿನ ಪ್ರಶ್ನೆ ಜಗತ್ತಿನ ಪ್ರಶ್ನೆಯಾಯಿತು. ಎಷ್ಟು ಕಾಡು ಹೋಗಿದೆ, ಎಷ್ಟು ಹೋಗುತ್ತಿದೆ ಎಂಬುದಕ್ಕೆ ವಿಶ್ವಾಸಾರ್ಹ ಉತ್ತರ ಬೇಕಾಗಿತ್ತು.

ಪ್ರೊಡೆಸ್: ವರ್ಷಕ್ಕೊಮ್ಮೆ ಲೆಕ್ಕ

ಇನ್ಪೆ ಸಂಸ್ಥೆಯ ‘ಪ್ರೊಡೆಸ್’ ಯೋಜನೆಯ ಅಂಕಿಗಳು 1988ರಿಂದ ಲಭ್ಯ. ಆಗಸ್ಟ್ 1ರಿಂದ ಮರುವರ್ಷದ ಜುಲೈ 31ರವರೆಗೆ ಅದರ ಲೆಕ್ಕದ ವರ್ಷ. ಆ ಅವಧಿ ಮುಗಿಯುವುದು ಒಣಹವೆಯ ದಿನಗಳಲ್ಲಿ. ಮೋಡವಿಲ್ಲದ ಚಿತ್ರ ಸಿಗುವ ಸಾಧ್ಯತೆ ಆಗ ಹೆಚ್ಚು. ಇಡೀ ಪ್ರದೇಶವನ್ನು ಮುಚ್ಚಲು ಇನ್ನೂರಕ್ಕೂ ಹೆಚ್ಚು ಲ್ಯಾಂಡ್‌ಸ್ಯಾಟ್ ಚಿತ್ರಗಳು ಬೇಕು. ಮೊದಲ ವರ್ಷಗಳಲ್ಲಿ ಮುದ್ರಿತ ಚಿತ್ರದ ಮೇಲೆ ತಜ್ಞರು ಕಣ್ಣಳತೆಯಿಂದ ಗಡಿ ಗೆರೆ ಎಳೆಯುತ್ತಿದ್ದರು. ನಂತರ ಆ ಕೆಲಸ ಗಣಕಯಂತ್ರಕ್ಕೆ ಬಂತು. ಪ್ರತಿ ಚೌಕದಲ್ಲಿ ಮಣ್ಣು, ನೆರಳು, ಹಸಿರು ಎಷ್ಟೆಷ್ಟು ಬೆರೆತಿವೆ ಎಂಬುದನ್ನು ಬೇರ್ಪಡಿಸುವ ಗಣಿತವನ್ನು ಇಲ್ಲಿ ಬಳಸಲಾಗುತ್ತದೆ. ಆದರೂ ಕೊನೆಯ ತೀರ್ಮಾನ ಇಂದಿಗೂ ತರಬೇತಾದ ಮನುಷ್ಯನ ಕಣ್ಣಿನದೇ.

ಪ್ರೊಡೆಸ್‌ನ ಎರಡು ನಿಯಮಗಳು ಮುಖ್ಯ. ಮೊದಲನೆಯದು, 6.25 ಹೆಕ್ಟೇರಿಗಿಂತ ಚಿಕ್ಕ ತುಂಡು ಸಾಂಪ್ರದಾಯಿಕ ಲೆಕ್ಕಕ್ಕೆ ಸೇರುವುದಿಲ್ಲ. ಎರಡನೆಯದು, ಒಮ್ಮೆ ಕಡಿದ ಮೂಲಕಾಡು ಶಾಶ್ವತವಾಗಿ ಕಾಡಿನ ಪಟ್ಟಿಯಿಂದ ಹೊರಗೆ. ಹತ್ತು ವರ್ಷದ ನಂತರ ಅಲ್ಲಿ ಮತ್ತೆ ಗಿಡಮರ ಬೆಳೆದರೂ, ನೀಲಗಿರಿಯ ತೋಪು ಎದ್ದರೂ ಅದು ಮರಳಿ ಜಮೆಯಾಗುವುದಿಲ್ಲ. ಖರ್ಚಿನ ಲೆಕ್ಕ ಮಾತ್ರ, ಆದಾಯದ ಲೆಕ್ಕವಿಲ್ಲ. ನೂರಾರು ವರ್ಷದ ಮಳೆಕಾಡನ್ನೂ ನಿನ್ನೆ ನೆಟ್ಟ ತೋಪನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಿದೂಗಿಸುವ ಅವಕಾಶವನ್ನು ಈ ನಿಯಮ ಮುಚ್ಚಿಹಾಕಿತು.

ಪ್ರೊಡೆಸ್ ತೋರಿಸಿದ ಚಿತ್ರ ಆಘಾತಕಾರಿಯಾಗಿತ್ತು. 1995ರಲ್ಲಿ ಒಂದೇ ವರ್ಷದಲ್ಲಿ 29,059 ಚದರ ಕಿ.ಮೀ. ಕಾಡು ನಾಶವಾಯಿತು. ಇದು ಕೊಡಗು ಜಿಲ್ಲೆಯಂತಹ ಏಳು ಜಿಲ್ಲೆಗಳಿಗೆ ಸಮ. 2004ರಲ್ಲಿ ಮತ್ತೆ 27,772 ಚದರ ಕಿ.ಮೀ. ಹೋಯಿತು. ಆದರೆ ವಾರ್ಷಿಕ ಲೆಕ್ಕಕ್ಕೆ ಒಂದು ದೊಡ್ಡ ಮಿತಿಯಿತ್ತು. ಅಂಕಿ ಹೊರಬೀಳುವ ಹೊತ್ತಿಗೆ ಮರ ಬಿದ್ದು, ಸುಟ್ಟು, ಹುಲ್ಲು ಬಿತ್ತಿ, ದನ ಮೇಯುತ್ತಿರುತ್ತಿದ್ದವು.

ಡೆಟೆರ್: ದಿನದ ಎಚ್ಚರಿಕೆ

ಮರೀನಾ ಸಿಲ್ವಾ ಪರಿಸರ ಸಚಿವೆಯಾಗಿದ್ದ 2004ರಲ್ಲಿ ಬ್ರೆಜಿಲ್ ಸರ್ಕಾರ ಅರಣ್ಯನಾಶ ತಡೆಗೆ ಸಮಗ್ರ ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ಅದರ ಭಾಗವಾಗಿ ಇನ್ಪೆ ‘ಡೆಟೆರ್’ ಎಂಬ ಎಚ್ಚರಿಕೆ ವ್ಯವಸ್ಥೆಯನ್ನು ಆರಂಭಿಸಿತು. ಇದು ಪ್ರತಿದಿನದ ಮೋಡಿಸ್ ಚಿತ್ರಗಳನ್ನು ಪರಿಶೀಲಿಸಿ, 25 ಹೆಕ್ಟೇರಿಗಿಂತ ದೊಡ್ಡದಾದ ಹೊಸ ಬಯಲು ಕಂಡರೆ ಅದರ ಅಕ್ಷಾಂಶ-ರೇಖಾಂಶವನ್ನು ಪರಿಸರ ಜಾರಿ ಸಂಸ್ಥೆ ‘ಇಬಾಮ’ಗೆ ಕಳುಹಿಸುತ್ತಿತ್ತು. ಅಧಿಕಾರಿಗಳು ಹೆಲಿಕಾಪ್ಟರಿನಲ್ಲಿ ನೇರವಾಗಿ ಆ ಬಿಂದುವಿಗೆ ಹೋಗಿ ಯಂತ್ರಗಳನ್ನು ವಶಪಡಿಸಿಕೊಳ್ಳುವುದು, ದಂಡ ವಿಧಿಸುವುದು, ಆ ಜಮೀನಿನ ಬಳಕೆಗೆ ನಿಷೇಧ ಹೇರುವುದು ಸಾಧ್ಯವಾಯಿತು.

ಉಪಗ್ರಹದ ಮಾಹಿತಿ ಬೇರೆ ಬಾಗಿಲುಗಳಿಗೂ ಕೀಲಿಯಾಯಿತು. ಹೊಸದಾಗಿ ಕಾಡು ಕಡಿದ ಜಮೀನಿನ ಸೋಯಾ ಖರೀದಿಸುವುದಿಲ್ಲವೆಂದು ದೊಡ್ಡ ವ್ಯಾಪಾರಿ ಸಂಸ್ಥೆಗಳು 2006ರಲ್ಲಿ ಒಪ್ಪಿಕೊಂಡವು. ಅದರ ಪರಿಶೀಲನೆಗೆ ಆಧಾರ ಉಪಗ್ರಹ ಚಿತ್ರ. 2008ರಲ್ಲಿ ಬ್ರೆಜಿಲ್‌ನ ಕೇಂದ್ರ ಬ್ಯಾಂಕ್ ಅಮೆಜಾನಿನ ಕೃಷಿ ಸಾಲಕ್ಕೆ ಪರಿಸರ ನಿಯಮ ಪಾಲನೆಯ ದಾಖಲೆಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಅತಿ ಹೆಚ್ಚು ಕಾಡು ಕಳೆದುಕೊಂಡ ಪುರಸಭಾ ವ್ಯಾಪ್ತಿಗಳ ಪಟ್ಟಿ ಪ್ರಕಟವಾಗಿ, ಅವುಗಳ ಮೇಲೆ ವಿಶೇಷ ನಿಗಾ ಬಿತ್ತು. ನಾರ್ವೆಯ ನೆರವಿನಿಂದ 2008ರಲ್ಲೇ ಸ್ಥಾಪನೆಯಾದ ಅಮೆಜಾನ್ ನಿಧಿಗೆ ಬರುವ ಹಣವೂ ಅರಣ್ಯನಾಶ ಎಷ್ಟು ಇಳಿಯಿತು ಎಂಬ ಪ್ರೊಡೆಸ್ ಅಂಕಿಗೆ ಜೋಡಣೆಯಾಯಿತು.

ಫಲಿತಾಂಶ ಗಮನಾರ್ಹ. 2004ರಲ್ಲಿ 27,772 ಚದರ ಕಿ.ಮೀ. ಇದ್ದ ವಾರ್ಷಿಕ ನಾಶ 2012ಕ್ಕೆ 4,571 ಚದರ ಕಿ.ಮೀ.ಗೆ ಇಳಿಯಿತು. ಎಂಟು ವರ್ಷದಲ್ಲಿ ಶೇ 80ಕ್ಕೂ ಹೆಚ್ಚಿನ ಇಳಿಕೆ.

ಇದರಲ್ಲಿ ಉಪಗ್ರಹದ ಪಾಲೆಷ್ಟು ಎಂಬ ಪ್ರಶ್ನೆಗೆ ಬ್ರೆಜಿಲ್‌ನ ಅರ್ಥಶಾಸ್ತ್ರಜ್ಞರಾದ ಜುಲಿಯಾನೊ ಅಸುಂಸಾವ್, ಕ್ಲಾರಿಸ್ಸಾ ಗಂಡೂರ್ ಮತ್ತು ರೊಮೆರೊ ರೋಷಾ ಒಂದು ಜಾಣ ದಾರಿ ಹುಡುಕಿದರು. ಮೋಡ ಕವಿದ ಕಡೆ ಡೆಟೆರ್‌ಗೆ ಏನೂ ಕಾಣುವುದಿಲ್ಲ. ಮೋಡ ಎಲ್ಲಿ ಕವಿಯಬೇಕೆಂಬುದು ಯಾರ ಕೈಯಲ್ಲೂ ಇಲ್ಲ. ಹಾಗಾದರೆ ಮೋಡ ಹೆಚ್ಚಿದ್ದ ಪುರಸಭಾ ವ್ಯಾಪ್ತಿಗಳನ್ನೂ ಕಡಿಮೆಯಿದ್ದವನ್ನೂ ಹೋಲಿಸಿದರೆ ಸತ್ಯ ತಿಳಿಯಬೇಕು. ಮೋಡದಿಂದ ಎಚ್ಚರಿಕೆ ತಪ್ಪಿದ ಕಡೆ ದಂಡ ಕಡಿಮೆಯಾಗಿತ್ತು. ಮರುವರ್ಷ ಅಲ್ಲಿ ಅರಣ್ಯನಾಶ ಹೆಚ್ಚಿತ್ತು. 2023ರಲ್ಲಿ ಪ್ರಕಟವಾದ ಈ ಅಧ್ಯಯನ ಕಾವಲಿನ ಕಣ್ಣೂ ದಂಡದ ಕೈಯೂ ಕೂಡಿದಾಗ ಮಾತ್ರ ಪರಿಣಾಮ ಎಂಬುದನ್ನು ಅಂಕಿಗಳಲ್ಲಿ ತೋರಿಸಿತು.

ಕಾಡು ಕಡಿಯುವವರೂ ಕೈಕಟ್ಟಿ ಕೂರಲಿಲ್ಲ. ದೊಡ್ಡ ತುಂಡುಗಳ ಪಾಲು ಇಳಿದು, ಡೆಟೆರ್ ಕಣ್ಣಿಗೆ ಬೀಳದ ಸಣ್ಣ ತುಂಡುಗಳ ಪಾಲು ಏರಿತು. ಇದಕ್ಕೆ ಉತ್ತರವಾಗಿ 2015ರಿಂದ ಇನ್ಪೆ ಹೆಚ್ಚು ಸೂಕ್ಷ್ಮವಾದ ಚಿತ್ರಗಳಿಗೆ ಬದಲಾಯಿತು. ಚೀನಾ ಮತ್ತು ಬ್ರೆಜಿಲ್ ಜಂಟಿಯಾಗಿ ನಿರ್ಮಿಸಿದ ಸಿಬರ್ಸ್-4 ಉಪಗ್ರಹದ 64 ಮೀಟರ್ ಚಿತ್ರ ಅದರಲ್ಲೊಂದು. ಇನ್ನೊಂದು ಭಾರತದ ಕೊಡುಗೆ: ರಿಸೋರ್ಸ್‌ಸ್ಯಾಟ್ ಉಪಗ್ರಹದ ಅವಿಫ್ಸ್ ಕ್ಯಾಮೆರಾದ 56 ಮೀಟರ್ ಚಿತ್ರ.

ಅಂಕಿಯನ್ನು ಅಲ್ಲಗಳೆದ ಆಡಳಿತ

2012ರ ನಂತರ ಇಳಿಕೆ ನಿಂತು ಏರಿಕೆ ಶುರುವಾಯಿತು. 2018ರಲ್ಲಿ 7,536 ಚದರ ಕಿ.ಮೀ. ನಾಶ ದಾಖಲಾಯಿತು. 2019ರ ಜೂನ್ ತಿಂಗಳ ಡೆಟೆರ್ ಎಚ್ಚರಿಕೆಗಳು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 88ರಷ್ಟು ಹೆಚ್ಚಿದ್ದವು. ಅಧ್ಯಕ್ಷ ಜೈರ್ ಬೊಲ್ಸೊನಾರೊ ಜುಲೈ 19ರಂದು ವಿದೇಶಿ ಪತ್ರಕರ್ತರ ಮುಂದೆ ಈ ಅಂಕಿಗಳು ಸುಳ್ಳೆಂದರು; ಇನ್ಪೆ ನಿರ್ದೇಶಕರು ಯಾವುದೋ ಸ್ವಯಂಸೇವಾ ಸಂಸ್ಥೆಯ ಪರವಾಗಿ ಕೆಲಸ ಮಾಡುತ್ತಿರಬಹುದೆಂದೂ ಸೂಚಿಸಿದರು. ನಿರ್ದೇಶಕರಾಗಿದ್ದ ಭೌತವಿಜ್ಞಾನಿ ರಿಕಾರ್ಡೊ ಗಲ್ವಾವ್ ಬಹಿರಂಗವಾಗಿಯೇ ಸಂಸ್ಥೆಯ ಲೆಕ್ಕವನ್ನು ಸಮರ್ಥಿಸಿಕೊಂಡರು. ಆಗಸ್ಟ್ 2ರಂದು ಅವರ ವಜಾ ಖಚಿತವಾಯಿತು.

ವಿವಾದದಲ್ಲಿ ತಾಂತ್ರಿಕ ಅಂಶವೂ ಒಂದಿತ್ತು. ಡೆಟೆರ್ ಎಂಬುದು ಎಚ್ಚರಿಕೆಯ ಗಂಟೆ, ಅಳತೆಯ ಕೋಲಲ್ಲ. ಒಂದು ತಿಂಗಳು ಮೋಡವಿದ್ದು ಕಾಣದ ನಾಶ ಮುಂದಿನ ತಿಂಗಳ ಲೆಕ್ಕಕ್ಕೆ ಬೀಳಬಹುದು. ಆದ್ದರಿಂದ ತಿಂಗಳ ಅಂಕಿಯನ್ನು ವರ್ಷದ ಅಂಕಿಯಂತೆ ಬಳಸುವಾಗ ಎಚ್ಚರ ಅಗತ್ಯ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ಪ್ರೊಡೆಸ್ ಅಂದಾಜು ಗಂಟೆ ಸುಳ್ಳಾಗಿರಲಿಲ್ಲ ಎಂಬುದನ್ನು ಸಾಬೀತುಪಡಿಸಿತು. ಪರಿಷ್ಕೃತ ಲೆಕ್ಕದ ಪ್ರಕಾರ 2019ರ ನಾಶ 10,129 ಚದರ ಕಿ.ಮೀ. 2021ರಲ್ಲಿ ಅದು 13,038 ಚದರ ಕಿ.ಮೀ.ಗೆ ಏರಿತು. ಉಪಗ್ರಹಗಳು ಎಂದಿನಂತೆ ಸುತ್ತುತ್ತಿದ್ದವು, ಎಚ್ಚರಿಕೆಗಳು ಎಂದಿನಂತೆ ಹೊರಡುತ್ತಿದ್ದವು. ಕುಂದಿದ್ದು ನೆಲದ ಮೇಲಿನ ಜಾರಿ.

2023ರಲ್ಲಿ ಆಡಳಿತ ಬದಲಾಗಿ ಮರೀನಾ ಸಿಲ್ವಾ ಅದೇ ಖಾತೆಗೆ ಮರಳಿದರು. ಗಲ್ವಾವ್ ರಾಷ್ಟ್ರೀಯ ವಿಜ್ಞಾನ ಮಂಡಳಿಯ ಅಧ್ಯಕ್ಷರಾದರು. 2019ರಿಂದ ಸ್ಥಗಿತವಾಗಿದ್ದ ಅಮೆಜಾನ್ ನಿಧಿ ಮತ್ತೆ ತೆರೆಯಿತು. ಪ್ರೊಡೆಸ್ ಅಂದಾಜಿನಂತೆ ವಾರ್ಷಿಕ ನಾಶ 2024ರಲ್ಲಿ 6,288 ಚದರ ಕಿ.ಮೀ.ಗೂ 2025ರಲ್ಲಿ 5,796 ಚದರ ಕಿ.ಮೀ.ಗೂ ಇಳಿಯಿತು.

ಮೋಡದಾಚೆಗೆ ನೋಡುವ ರಾಡಾರ್

ಮಳೆಕಾಡಿನ ಮೇಲೆ ಮೋಡವಿರುವುದು ಸಹಜ. ಬೆಳಕನ್ನು ಅವಲಂಬಿಸಿದ ಕ್ಯಾಮೆರಾಗೆ ಇದೇ ದೊಡ್ಡ ಅಡ್ಡಿ. ರಾಡಾರ್ ಹಾಗಲ್ಲ, ತಾನೇ ಸೂಕ್ಷ್ಮತರಂಗಗಳನ್ನು ಹೊರಡಿಸಿ, ನೆಲಕ್ಕೆ ತಾಗಿ ಮರಳುವ ಪ್ರತಿಧ್ವನಿಯನ್ನು ಅಳೆಯುತ್ತದೆ. ಹಗಲು-ರಾತ್ರಿ, ಮೋಡ-ಬಿಸಿಲು ಯಾವುದೂ ಅದಕ್ಕೆ ಮುಖ್ಯವಲ್ಲ.

ತರಂಗದ ಉದ್ದ ಹೆಚ್ಚಿದಷ್ಟೂ ಅದು ಕಾಡಿನ ಒಳಕ್ಕೆ ಇಳಿಯುತ್ತದೆ. ಯೂರೋಪಿನ ಸೆಂಟಿನೆಲ್-1 ಉಪಗ್ರಹದ ಐದೂವರೆ ಸೆಂಟಿಮೀಟರ್ ತರಂಗವು ಮೇಲಿನ ಎಲೆ-ಸಣ್ಣ ಕೊಂಬೆಗಳಿಂದಲೇ ಮರಳುತ್ತದೆ. ಜಪಾನಿನ ಅಲೋಸ್ ಸರಣಿಯ ಸುಮಾರು 24 ಸೆಂಟಿಮೀಟರ್ ತರಂಗವು ದೊಡ್ಡ ಕೊಂಬೆ, ಕಾಂಡಗಳನ್ನು ಮುಟ್ಟುತ್ತದೆ. 2025ರ ಏಪ್ರಿಲ್ 29ರಂದು ಯೂರೋಪ್ ಹಾರಿಸಿದ ‘ಬಯೋಮಾಸ್’ ಉಪಗ್ರಹದ ತರಂಗದ ಉದ್ದ ಸುಮಾರು 70 ಸೆಂಟಿಮೀಟರ್. ಮರದ ಒಟ್ಟು ತೂಕವನ್ನು, ಆ ಮೂಲಕ ಅದರಲ್ಲಿ ಅಡಗಿರುವ ಇಂಗಾಲವನ್ನು ಅಂದಾಜು ಮಾಡುವುದು ಅದರ ಗುರಿ.

ಭಾರತದ ಪಾಲೂ ಇಲ್ಲಿ ದೊಡ್ಡದು. ಇಸ್ರೊ ಮತ್ತು ನಾಸಾ ಜಂಟಿಯಾಗಿ ನಿರ್ಮಿಸಿದ ‘ನಿಸಾರ್’ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ಎರಡು ಬೇರೆ ಬೇರೆ ಉದ್ದದ ರಾಡಾರ್ ತರಂಗಗಳನ್ನು ಬಳಸುವ ಇದರ ಆಂಟೆನಾದ ವ್ಯಾಸ 12 ಮೀಟರ್. 12 ದಿನಕ್ಕೊಮ್ಮೆ ಅದೇ ಸ್ಥಳಕ್ಕೆ ಮರಳುವಂತೆ ಇದರ ಪಥವನ್ನು ರೂಪಿಸಲಾಗಿದೆ. ಇದಕ್ಕೂ ಮೊದಲು, 2021ರ ಫೆಬ್ರುವರಿ 28ರಂದು ಬ್ರೆಜಿಲ್ ತಾನೇ ಪೂರ್ಣವಾಗಿ ವಿನ್ಯಾಸಗೊಳಿಸಿದ ಮೊದಲ ಭೂವೀಕ್ಷಣಾ ಉಪಗ್ರಹ ಅಮೆಜಾನಿಯಾ-1 ಅನ್ನು ಬಾನಿಗೇರಿಸಿದ್ದೂ ಇಸ್ರೊದ ಪಿಎಸ್‌ಎಲ್‌ವಿ-ಸಿ51 ರಾಕೆಟ್ಟೇ.

ಉಪಗ್ರಹಕ್ಕೆ ಕಾಣದಿರುವುದು

ಕಾಡು ಪೂರ್ತಿ ಬೋಳಾದರೆ ಗುರುತಿಸುವುದು ಸುಲಭ. ಬೆಲೆಬಾಳುವ ನಾಲ್ಕು ಮರಗಳನ್ನು ಮಾತ್ರ ಆಯ್ದು ಕಡಿದರೆ, ನೆಲಮಟ್ಟದ ಬೆಂಕಿ ಗಿಡಗಂಟಿಗಳನ್ನು ಸುಟ್ಟರೆ, ಮೇಲಿನ ಹಸಿರು ಚಪ್ಪರ ಕೆಲವು ತಿಂಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಕಾಡಿನ ಈ ಕ್ಷೀಣತೆಯನ್ನು ಪತ್ತೆಹಚ್ಚುವುದು ಇನ್ನೂ ಕಷ್ಟ. ಬೇಟೆಯಿಂದ ಪ್ರಾಣಿಗಳು ಖಾಲಿಯಾದ ಕಾಡೂ ತುಂಬಿದ ಕಾಡೂ ಬಾನಿನಿಂದ ಒಂದೇ ಬಗೆಯಲ್ಲಿ ಕಾಣುತ್ತವೆ. ಎಣ್ಣೆತಾಳೆ, ರಬ್ಬರ್, ಅಕೇಶಿಯ ತೋಪುಗಳು ದಟ್ಟವಾಗಿ ಬೆಳೆದ ಮೇಲೆ ಸಹಜ ಕಾಡಿನಿಂದ ಅವುಗಳನ್ನು ಬೇರ್ಪಡಿಸಲು ನೆಲದ ಮಾಹಿತಿಯ ನೆರವು ಬೇಕೇ ಬೇಕು.

ದತ್ತಾಂಶ ಮುಕ್ತವಾದ ಮೇಲೆ

ತಂತ್ರಜ್ಞಾನದಷ್ಟೇ ದೊಡ್ಡ ಬದಲಾವಣೆ ತಂದದ್ದು ಒಂದು ಆಡಳಿತಾತ್ಮಕ ತೀರ್ಮಾನ. ಬ್ರೆಜಿಲ್ 2004ರಲ್ಲಿ ಸಿಬರ್ಸ್ ಚಿತ್ರಗಳನ್ನು ತನ್ನ ಜನರಿಗೆ ಉಚಿತವಾಗಿ ನೀಡತೊಡಗಿತು. ಅಮೆರಿಕವು 2008ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳ ಇಡೀ ಭಂಡಾರವನ್ನು ಜಗತ್ತಿಗೆ ಮುಕ್ತಗೊಳಿಸಿತು. ಅದರ ಫಲವಾಗಿ 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ತಂಡವು ಆರೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಗೂಗಲ್ ಗಣಕಗಳಲ್ಲಿ ಸಂಸ್ಕರಿಸಿ, ಜಗತ್ತಿನ ಕಾಡಿನ ಬದಲಾವಣೆಯ ಭೂಪಟವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. 2000ದಿಂದ 2012ರ ನಡುವೆ 23 ಲಕ್ಷ ಚದರ ಕಿ.ಮೀ. ಮರಹೊದಿಕೆ ನಾಶವಾಗಿ, 8 ಲಕ್ಷ ಚದರ ಕಿ.ಮೀ. ಹೊಸದಾಗಿ ಬೆಳೆದಿತ್ತು.

ಈ ಭೂಪಟದ ಆಧಾರದಲ್ಲಿ 2014ರಲ್ಲಿ ಆರಂಭವಾದ ‘ಗ್ಲೋಬಲ್ ಫಾರೆಸ್ಟ್ ವಾಚ್’ ತಾಣದಲ್ಲಿ ಯಾರು ಬೇಕಾದರೂ ತಮ್ಮ ಊರಿನ ಕಾಡನ್ನು ನೋಡಬಹುದು. ಅದರ ಲೆಕ್ಕದ ಪ್ರಕಾರ 2024ರಲ್ಲಿ ಉಷ್ಣವಲಯದ 67 ಲಕ್ಷ ಹೆಕ್ಟೇರ್ ಮೂಲಕಾಡು ನಾಶವಾಯಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೆಂಕಿಗೆ ಆಹುತಿಯಾದದ್ದು.

ಭಾರತ ಮತ್ತು ಪಶ್ಚಿಮಘಟ್ಟ

ಭಾರತದಲ್ಲೂ ಉಪಗ್ರಹದ ಅಂಕಿ ಮೊದಲು ತಂದದ್ದು ಮುಜುಗರವನ್ನೇ. ರಾಷ್ಟ್ರೀಯ ದೂರಸಂವೇದನಾ ಸಂಸ್ಥೆಯು 1972-75 ಮತ್ತು 1980-82ರ ಚಿತ್ರಗಳನ್ನು ಹೋಲಿಸಿ, ದೇಶದ ಅರಣ್ಯ ಶೇ 17ರ ಸುಮಾರಿನಿಂದ ಶೇ 14ರ ಸುಮಾರಿಗೆ ಇಳಿದಿದೆ ಎಂದಿತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 1987ರಲ್ಲಿ ತನ್ನ ಮೊದಲ ವರದಿಯನ್ನು ತಂದಿತು. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಹಾರಿದ ನಂತರ ದೇಶಕ್ಕೆ ತನ್ನದೇ ಚಿತ್ರಗಳು ದೊರೆತವು. ಎರಡು ವರ್ಷಕ್ಕೊಮ್ಮೆ ಎಂಬ ಉದ್ದೇಶದಿಂದ ಹೊರಬರುವ ಈ ವರದಿಯ ಇತ್ತೀಚಿನ 2023ರ ಆವೃತ್ತಿ 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಅದರಂತೆ ದೇಶದ ಶೇ 21.76ರಷ್ಟು ಭೂಭಾಗ ಅರಣ್ಯ ಹೊದಿಕೆ.

ಆದರೆ ಇಲ್ಲಿ ‘ಅರಣ್ಯ ಹೊದಿಕೆ’ ಎಂಬ ಪದದ ಅರ್ಥವನ್ನು ಗಮನಿಸಬೇಕು. ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ 10ರಷ್ಟಾದರೂ ನೆಲವನ್ನು ಮರದ ನೆರಳು ಮುಚ್ಚಿರುವ ಯಾವುದೇ ಜಾಗ ಈ ಲೆಕ್ಕಕ್ಕೆ ಸೇರುತ್ತದೆ. ಜಮೀನು ಯಾರದು, ಮರ ಯಾವುದು ಎಂಬುದು ಪ್ರಶ್ನೆಯಲ್ಲ. ಶೋಲಾ ಕಾಡು, ನೀಲಗಿರಿ ತೋಪು, ಮಲೆನಾಡಿನ ಕಾಫಿ ತೋಟ ಎಲ್ಲವೂ ಇದರೊಳಗೆ ಬರುತ್ತವೆ. ಒಂದು ಕಡೆ ಕಳೆದದ್ದಕ್ಕೆ ಇನ್ನೊಂದು ಕಡೆ ಬೆಳೆದದ್ದು ಜಮೆಯಾಗುತ್ತದೆ. ಪ್ರೊಡೆಸ್ ಪಾಲಿಸುವ ನಿಯಮಕ್ಕೆ ಇದು ನೇರ ವಿರುದ್ಧ. ಎರಡೂ ಉಪಗ್ರಹದ್ದೇ ಲೆಕ್ಕ. ಆದರೆ ಎರಡೂ ಉತ್ತರಿಸುವ ಪ್ರಶ್ನೆಗಳು ಬೇರೆ.

ಮೂಲಕಾಡನ್ನೇ ಗಮನದಲ್ಲಿಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ. ಸಿ.ಎಸ್. ಝಾ, ಸಿ.ಬಿ.ಎಸ್. ದತ್ ಮತ್ತು ಕಮಲಜಿತ್ ಬಾವಾ ಅವರು 2000ದಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು 1973 ಮತ್ತು 1995ರ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದಕ್ಷಿಣ ಭಾಗದ ಪಶ್ಚಿಮಘಟ್ಟವು ಆ 22 ವರ್ಷಗಳಲ್ಲಿ ಶೇ 25.6ರಷ್ಟು ಅರಣ್ಯ ಹೊದಿಕೆಯನ್ನು ಕಳೆದುಕೊಂಡಿದೆ ಎಂದು ತೋರಿಸಿತು.

ಘಟ್ಟದ ಜನರ ಬದುಕಿಗೆ ಉಪಗ್ರಹ ಚಿತ್ರ ನೇರವಾಗಿ ತಾಗಿದ್ದು ಕೆ. ಕಸ್ತೂರಿರಂಗನ್ ಸಮಿತಿಯ ವರದಿಯ ಮೂಲಕ. 2013ರಲ್ಲಿ ಸಲ್ಲಿಕೆಯಾದ ಈ ವರದಿ ಲಿಸ್-3 ಚಿತ್ರಗಳ ನೆರವಿನಿಂದ ಘಟ್ಟವನ್ನು ನೈಸರ್ಗಿಕ ಭೂಭಾಗ ಮತ್ತು ಜನವಸತಿ-ಕೃಷಿಯ ಭೂಭಾಗ ಎಂದು ವಿಂಗಡಿಸಿ, ಸುಮಾರು 60 ಸಾವಿರ ಚದರ ಕಿ.ಮೀ.ಯನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ತೋಟ ಮತ್ತು ಕಾಡು ಬೆರೆತ ಊರುಗಳನ್ನು ಯಾವ ಕಡೆಗೆ ಸೇರಿಸಬೇಕೆಂಬ ತಕರಾರು ಅಂದಿನಿಂದಲೂ ನಡೆದಿದೆ. ಕೇಂದ್ರವು 2024ರ ಜುಲೈ 31ರಂದು ಆರನೆಯ ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕ ಸಚಿವ ಸಂಪುಟ ಅದೇ ವರ್ಷದ ಸೆಪ್ಟೆಂಬರಿನಲ್ಲಿ ವರದಿಯನ್ನು ತಿರಸ್ಕರಿಸಿತು.

ಬೆಂಕಿಯ ವಿಷಯದಲ್ಲಿ ಮಾತ್ರ ಉಪಗ್ರಹದ ಉಪಯೋಗ ನಿರ್ವಿವಾದ. ಮೋಡಿಸ್ ಮತ್ತು ಅದರ ನಂತರದ 375 ಮೀಟರ್ ಚೌಕದ ವಿಯರ್ಸ್ ಸಂವೇದಕಗಳು ನೆಲದ ಶಾಖವನ್ನು ಗುರುತಿಸುತ್ತವೆ. ಅರಣ್ಯ ಸಮೀಕ್ಷಾ ಸಂಸ್ಥೆ ಆ ಎಚ್ಚರಿಕೆಯನ್ನು ರಾಜ್ಯಗಳ ಅರಣ್ಯ ಸಿಬ್ಬಂದಿಗೆ ತಲುಪಿಸುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ ಹಾನಿಯ ಅಳತೆಗೂ ಉಪಗ್ರಹ ಚಿತ್ರಗಳೇ ಒದಗಿದವು.

ಕಾಫಿ ತೋಟದ ಮುಂದಿರುವ ಪ್ರಶ್ನೆ

ಅಮೆಜಾನಿಗಾಗಿ ಬೆಳೆದ ಈ ವಿದ್ಯೆ ಈಗ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಹೊಸ್ತಿಲಿಗೂ ಬಂದಿದೆ. ಯೂರೋಪ್ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮವು ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಜಾನುವಾರು ಮತ್ತು ಮರದ ಉತ್ಪನ್ನಗಳಿಗೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಲ್ಲಿ ಬೆಳೆದ ಸರಕಿಗೆ ಅಲ್ಲಿ ಮಾರುಕಟ್ಟೆಯಿಲ್ಲ. ಬೆಳೆದ ಜಮೀನಿನ ಅಕ್ಷಾಂಶ-ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ಜಮೀನಾದರೆ ಪೂರ್ಣ ಗಡಿರೇಖೆಯನ್ನೇ ಒದಗಿಸಬೇಕು. ಈ ನಿಯಮದ ಜಾರಿ ಎರಡು ಬಾರಿ ಮುಂದಕ್ಕೆ ಹೋಗಿದೆ. ಆದರೆ ನಿಯಮ ರದ್ದಾಗಿಲ್ಲ.

ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು; ಅದು ಬೆಳೆಯುವುದು ಹಲಸು, ಅತ್ತಿ, ಬೀಟೆ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ. ಬಾನಿನಿಂದ ನೋಡಿದರೆ ಇಂತಹ ತೋಟ ಕಾಡಿನಂತೆಯೇ ಕಾಣುತ್ತದೆ. ಅದೇ ತೋಟದಲ್ಲಿ ನೆರಳು ತಗ್ಗಿಸಲು ಮರ ಸವರಿದರೆ ಅಥವಾ ಹಳೆಯ ಮರಗಳನ್ನು ತೆಗೆದರೆ ಜಾಗತಿಕ ಭೂಪಟದಲ್ಲಿ ಅದು ‘ಕಾಡು ನಾಶ’ ಎಂದು ದಾಖಲಾಗುವ ಸಾಧ್ಯತೆಯಿದೆ. ತಲೆಮಾರುಗಳಿಂದ ತೋಟವಾಗಿದ್ದ ಜಮೀನನ್ನು ತೋಟವೆಂದೇ ತೋರಿಸಬಲ್ಲ ವಿಶ್ವಾಸಾರ್ಹ ಸ್ಥಳೀಯ ಭೂಪಟ ಇಲ್ಲದಿದ್ದರೆ ಬೆಳೆಗಾರನ ಮಾತಿಗಿಂತ ದೂರದ ಗಣಕದ ಮಾತೇ ಮೇಲಾಗಬಹುದು. ಅತ್ತ, ತೋಟದ ಹೆಸರಿನಲ್ಲಿ ನಿಜವಾಗಿಯೂ ಕಾಡು ಒತ್ತುವರಿಯಾಗಿದ್ದರೆ ಅದನ್ನು ಬಯಲು ಮಾಡುವುದೂ ಅಂತಹ ಭೂಪಟವೇ.

ಬ್ರೆಜಿಲ್‌ನ ಅನುಭವದಿಂದ ಸ್ಪಷ್ಟವಾಗುವ ಸಂಗತಿಗಳು ಮೂರು. ಏನನ್ನು ಕಾಡೆನ್ನಬೇಕು ಎಂಬ ವ್ಯಾಖ್ಯೆ ಮೊದಲೇ ನಿಶ್ಚಿತವಾಗಿ, ವರ್ಷದಿಂದ ವರ್ಷಕ್ಕೆ ಬದಲಾಗದೆ ಉಳಿಯಬೇಕು. ಅಂಕಿಯ ಜೊತೆಗೆ ಭೂಪಟವೂ ಸಾರ್ವಜನಿಕರ ಕೈಗೆ ಸಿಗಬೇಕು. 2019ರಲ್ಲಿ ಇನ್ಪೆಯ ಲೆಕ್ಕವನ್ನು ಉಳಿಸಿದ್ದು ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದಾಗಿದ್ದ ಮುಕ್ತತೆಯೇ. ಕೊನೆಯದಾಗಿ, ಎಚ್ಚರಿಕೆ ಬಂದ ಜಾಗಕ್ಕೆ ಹೋಗುವ ಸಿಬ್ಬಂದಿಯೂ ಹೋಗೆಂದು ಕಳುಹಿಸುವ ಆಡಳಿತವೂ ಇರಬೇಕು. ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಯಂತ್ರ ಮರ ಬಿದ್ದದ್ದನ್ನು ಹೇಳಬಲ್ಲದು. ಮುಂದಿನ ಮರ ಬೀಳದಂತೆ ನೋಡಿಕೊಳ್ಳುವುದು ನೆಲದ ಮೇಲಿರುವವರ ಕೆಲಸ.